ಬೆಳಿಗ್ಗೆ 112, ಸಂಜೆ 346: ಸ್ಟೀರಾಯ್ಡ್ ಶುರುವಾದ ಮೇಲೆ ಅಪ್ಪಯ್ಯನ ಶುಗರ್

ತೋಟದಮನೆ, ಶಿರಸಿ (ಗುರುವಾರ, ರಾತ್ರಿ 9.10)

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಅಪ್ಪಯ್ಯನಿಗೆ 71 ವರ್ಷ, ತೂಕ 60 ಕೆ.ಜಿ. ಸಕ್ಕರೆ ಕಾಯಿಲೆ ಬಂದು 9 ವರ್ಷ ಆಯಿತು. ಮಾತ್ರೆಯಲ್ಲೇ ಹಿಡಿತದಲ್ಲಿತ್ತು. ಈ ಮಳೆಗಾಲದ ಶುರುವಿನಲ್ಲಿ ತೊಡೆ, ಹೊಟ್ಟೆ, ತೋಳಿನ ಮೇಲೆ ವಿಪರೀತ ತುರಿಕೆ ಬಂತು. ತೋಟದಲ್ಲಿ ಏನೋ ತಾಗಿರಬೇಕು ಎಂದುಕೊಂಡೆವು. ಆಮೇಲೆ ಅಡಿಕೆ ಗಾತ್ರದ ನೀರುಗುಳ್ಳೆಗಳು ಎದ್ದವು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಚರ್ಮದ ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಬುಲ್ಲಸ್ ಪೆಂಫಿಗಾಯ್ಡ್ ಎನ್ನುವ ಗುಳ್ಳೆ ಏಳುವ ಚರ್ಮರೋಗ ಅಂದರು. ಪ್ರೆಡ್ನಿಸೋಲೋನ್ ಎನ್ನುವ ಸ್ಟೀರಾಯ್ಡ್ ಮಾತ್ರೆ ಬರೆದರು, 30 ಮಿ.ಗ್ರಾಂ., ಬೆಳಿಗ್ಗೆ ತಿಂಡಿ ಆದ ಮೇಲೆ. ಹತ್ತು ದಿನದಲ್ಲಿ ಹೊಸ ಗುಳ್ಳೆ ನಿಂತಿತು. ಅಷ್ಟು ಖುಷಿಯಾಗಿತ್ತು.

ಸ್ಟೀರಾಯ್ಡ್ ತಗೊಂಡರೆ ಶುಗರ್ ಏರುತ್ತದೆ ಅಂತ ಕೇಳಿದ್ದೆ. ಅದಕ್ಕೇ ಹತ್ತಿರದ ಒಂದು ಕಡೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿಸಿದೆ. 112 ಬಂತು. ‘ಏನೂ ತೊಂದರೆ ಇಲ್ಲ’ ಅಂದರು, ನಾವೂ ಸುಮ್ಮನಾದೆವು. ಆದರೆ ಅಪ್ಪಯ್ಯ ರಾತ್ರಿ ಐದು ಸಲ ಮೂತ್ರಕ್ಕೆ ಏಳುತ್ತಿದ್ದರು. ಹಾಸಿಗೆ ಪಕ್ಕದ ತಂಬಿಗೆ ಎರಡು ಸಲ ಖಾಲಿ. ಇವತ್ತು ಸಂಜೆ 5ಕ್ಕೆ ಪಕ್ಕದ ಮನೆಯ ಮೀಟರ್ ತಂದು ನೋಡಿದರೆ 346! ಬೆಳಿಗ್ಗೆ 112, ಸಂಜೆ 346. ಮೀಟರ್ ಕೆಟ್ಟಿದೆಯಾ? ಸ್ಟೀರಾಯ್ಡ್ ನಿಲ್ಲಿಸಿಬಿಡಲಾ? ಆಯಿ ನಾಳೆಯಿಂದ ಮಾತ್ರೆ ಕೊಡುವುದೇ ಇಲ್ಲ ಅಂತ ಕೂತಿದ್ದಾಳೆ.

ಕಾಳಿ ದಂಡೆ, ಕಾರವಾರ (ರಾತ್ರಿ 9.42)

ಮೊದಲು ಆಯಿಗೆ ಹೇಳಿ: ಸ್ಟೀರಾಯ್ಡ್ ನಿಲ್ಲಿಸಬೇಡಿ. ನಾಳೆಯ ಮಾತ್ರೆ ನಾಳೆ ಕೊಡಿ. ಯಾಕೆ ಅಂತ ಕೆಳಗೆ ಬರೆಯುತ್ತೇನೆ.

ನಾನು ವಾರ್ಡಿನಲ್ಲಿ ನರ್ಸ್ ಆಗಿ 31 ವರ್ಷ ಕೆಲಸ ಮಾಡಿ ನಿವೃತ್ತಿ ಆದವಳು. ನೀವು ಹೇಳಿದ ಈ 112–346 ಜೋಡಿಯನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಮೀಟರ್ ಕೆಟ್ಟಿರಲಿಕ್ಕಿಲ್ಲ. ಎರಡೂ ಅಂಕಿ ಸರಿ ಇರಬಹುದು. ಬೆಳಿಗ್ಗೆ ಒಂದೇ ಸಲ ತಗೊಳ್ಳುವ ಪ್ರೆಡ್ನಿಸೋಲೋನ್ ಶುಗರನ್ನು ಏರಿಸುವ ರೀತಿಯೇ ಹಾಗೆ.

8 ಗಂಟೆಗೆ ನುಂಗಿದ ಮಾತ್ರೆಯ ಜೋರು ಶುಗರಿನ ಮೇಲೆ ಕಾಣುವುದು ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೆ. ಅಂದರೆ ಮಧ್ಯಾಹ್ನದ ಊಟದಿಂದ ಹಿಡಿದು ಸಂಜೆ ದೀಪ ಹಚ್ಚುವ ತನಕ. ರಾತ್ರಿ ಆಗುತ್ತಿದ್ದಂತೆ ಇಳಿಯುತ್ತದೆ. ಬೆಳಗಿನ ಜಾವಕ್ಕೆ ಬಹುಮಟ್ಟಿಗೆ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತದೆ. ನೀವು ರಕ್ತ ಕೊಡಿಸಿದ್ದು ಸರಿಯಾಗಿ ಆ ಹೊತ್ತಿಗೆ. ಇಪ್ಪತ್ನಾಲ್ಕು ಗಂಟೆಯಲ್ಲಿ ಶುಗರ್ ಅತಿ ಚೆನ್ನಾಗಿರುವ ಗಳಿಗೆ ಅದು! ಖಾಲಿ ಹೊಟ್ಟೆಯ ಪರೀಕ್ಷೆ ಮಾಮೂಲಿ ಸಕ್ಕರೆ ಕಾಯಿಲೆಗೆ ಸರಿ. ಸ್ಟೀರಾಯ್ಡ್ ತಗೊಳ್ಳುವವರಿಗೆ ಅದೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ.

ನಾಳೆಯಿಂದ ನಾಲ್ಕು ಹೊತ್ತು ನೋಡಿ. ಬೆಳಿಗ್ಗೆ ಎದ್ದ ಕೂಡಲೇ, ಮಧ್ಯಾಹ್ನ ಊಟಕ್ಕೆ ಮೊದಲು, ಊಟವಾಗಿ 2 ಗಂಟೆಗೆ, ಮತ್ತೆ ರಾತ್ರಿ ಊಟಕ್ಕೆ ಮೊದಲು. ಒಂದೇ ಸಲ ನೋಡಲಿಕ್ಕೆ ಆಗುವುದು ಅಂತಾದರೆ ಮಧ್ಯಾಹ್ನದ ಊಟದ ನಂತರದ್ದನ್ನೋ ಸಂಜೆಯದನ್ನೋ ನೋಡಿ, ಬೆಳಿಗ್ಗೆಯದು ಬಿಡಿ. ಗೋಡೆಯ ಕ್ಯಾಲೆಂಡರಿನಲ್ಲೇ ತಾರೀಖಿನ ಚೌಕದೊಳಗೆ ಬರೆಯಿರಿ. ಅದನ್ನು ಹಾಗೇ ಡಾಕ್ಟರಿಗೆ ತೋರಿಸಬಹುದು.

ಈಗ ನಿಲ್ಲಿಸಬಾರದು ಎನ್ನುವುದಕ್ಕೆ ಕಾರಣ. ನಮ್ಮ ಮೂತ್ರಪಿಂಡದ ಮೇಲೆ ಟೊಪ್ಪಿಯ ಹಾಗೆ ಕೂತ ಅಡ್ರಿನಲ್ ಗ್ರಂಥಿ ಇದೆ. ಅದು ದಿನವೂ ಕಾರ್ಟಿಸಾಲ್ ಎನ್ನುವ ಮೈಯದೇ ಸ್ಟೀರಾಯ್ಡ್ ಮಾಡುತ್ತದೆ, ಸುಮಾರು 5 ಮಿ.ಗ್ರಾಂ. ಪ್ರೆಡ್ನಿಸೋಲೋನ್‌ಗೆ ಸಮ. ಹೊರಗಿನಿಂದ 30 ಮಿ.ಗ್ರಾಂ. ದಿನಾ ಬರುತ್ತಿದ್ದರೆ ಗ್ರಂಥಿ ಕೆಲಸ ಬಿಟ್ಟು ಮಲಗುತ್ತದೆ. ಮೂರು ವಾರ ದಾಟಿದ ಮೇಲೆ ಒಮ್ಮೆಲೇ ನಿಲ್ಲಿಸಿದರೆ ಅದು ತಕ್ಷಣ ಏಳುವುದಿಲ್ಲ. ಬಿಪಿ ಬೀಳುತ್ತದೆ, ವಾಂತಿ, ವಿಪರೀತ ಸುಸ್ತು. ಪ್ರಾಣಕ್ಕೇ ಅಪಾಯ. ಸ್ಟೀರಾಯ್ಡನ್ನು ಡಾಕ್ಟರು ಹೇಳಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಶುಗರನ್ನು ಬೇರೆ ಔಷಧಿಯಿಂದ ಹಿಡಿಯಬೇಕು.

ನಾಳೆ ಬೆಳಿಗ್ಗೆಯೇ ಫೋನ್ ಮಾಡಿ ಡಾಕ್ಟರಿಗೆ 346 ಅಂತ ಹೇಳಿ. ರಾತ್ರಿ ಅಪ್ಪಯ್ಯ ಮಂಕಾದರೆ, ಮಾತು ತಡವರಿಸಿದರೆ, ವಾಂತಿ ಶುರುವಾದರೆ, ಅಥವಾ ಮೀಟರ್ ಅಂಕಿ ಬಿಟ್ಟು ‘ಹೈ’ ಅಂತ ತೋರಿಸಿದರೆ ಬೆಳಗಾಗಲು ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ತೋಟದಮನೆ, ಶಿರಸಿ (ರಾತ್ರಿ 10.05)

ಅಕ್ಕಾ, ನಿಮಗೆ ಎಷ್ಟು ಧನ್ಯವಾದ ಹೇಳಲಿ. ಆಯಿಗೆ ಓದಿ ಹೇಳಿದೆ. ‘ಸರಿ, ಕೊಡ್ತೆ’ ಅಂದಳು. ಅಪ್ಪಯ್ಯ ಈಗ ಎಚ್ಚರ ಇದ್ದಾರೆ, ಮಾತಾಡುತ್ತಿದ್ದಾರೆ.

ಘಟ್ಟದ ಕೆಳಗೆ (ರಾತ್ರಿ 10.20)

ನಮ್ಮ ಮಾವನಿಗೂ ಹೀಗೇ ಆಗಿತ್ತು. ಹಾಗಲಕಾಯಿ ರಸ ದಿನಾ ಒಂದು ಲೋಟ ಕೊಟ್ಟೆವು, ಇಳಿಯಿತು. ಈ ಇಂಗ್ಲಿಷ್ ಔಷಧಿ ಒಂದಕ್ಕೆ ಇನ್ನೊಂದು ಸೇರುತ್ತಲೇ ಹೋಗುತ್ತದೆ. ನೀವೂ ನೋಡಿ.

ಔಷಧಿ ಅಂಗಡಿ, ಕುಮಟಾ (ರಾತ್ರಿ 10.48)

ಹಾಗಲಕಾಯಿ ಪಲ್ಯ ಧಾರಾಳ ತಿನ್ನಲಿ, ಒಳ್ಳೆಯದೇ. ಆದರೆ 346ನ್ನು ಅದರ ರಸದಿಂದ ಇಳಿಸಲಿಕ್ಕೆ ಆಗುವುದಿಲ್ಲ. ನಿಮ್ಮ ಮಾವನಿಗೆ ಸ್ಟೀರಾಯ್ಡ್ ಕೋರ್ಸ್ ಐದಾರು ದಿನದ್ದಾಗಿತ್ತಾ? ಮಾತ್ರೆ ಮುಗಿದ ಮೇಲೆ ಶುಗರ್ ತಾನಾಗೇ ಇಳಿಯುತ್ತದೆ. ಹೆಸರು ರಸಕ್ಕೆ ಬರುತ್ತದೆ. ಇದನ್ನು ಅಂಗಡಿಯಲ್ಲಿ ಬಹಳ ಸಲ ನೋಡಿದ್ದೇನೆ.

ತೋಟದಮನೆಯವರಿಗೆ ಒಂದು ಮುಖ್ಯ ಪ್ರಶ್ನೆ. ಅಪ್ಪಯ್ಯನ ಹಳೆಯ ಶುಗರ್ ಮಾತ್ರೆ ಯಾವುದು? ಅದರ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ನೋಡಿ ಬರೆಯಿರಿ. ಹೆಸರಿನ ಕೊನೆಯಲ್ಲಿ ‘ಗ್ಲಿಪ್ಟಿನ್’ ಅಂತ ಇದೆಯಾ?

ತೋಟದಮನೆ, ಶಿರಸಿ (ರಾತ್ರಿ 10.55)

ಮೆಟ್‌ಫಾರ್ಮಿನ್ 500, ವಿಲ್ಡಾಗ್ಲಿಪ್ಟಿನ್ 50. ಎರಡು ಹೊತ್ತು. ಒಂದೂವರೆ ವರ್ಷದಿಂದ ಇದೇ. ಯಾಕೆ?

ಔಷಧಿ ಅಂಗಡಿ, ಕುಮಟಾ (ರಾತ್ರಿ 11.14)

ಇದನ್ನು ನಾಳೆ ಚರ್ಮದ ಡಾಕ್ಟರಿಗೆ ತಪ್ಪದೆ ಹೇಳಿ. ಗ್ಲಿಪ್ಟಿನ್ ಗುಂಪಿನ ಮಾತ್ರೆಗೂ ಬುಲ್ಲಸ್ ಪೆಂಫಿಗಾಯ್ಡಿಗೂ ನಂಟು ಇದೆ ಅಂತ ಹಲವು ದೇಶಗಳಲ್ಲಿ ಕಂಡುಬಂದಿದೆ. ಅದರಲ್ಲೂ ವಿಲ್ಡಾಗ್ಲಿಪ್ಟಿನ್ ಹೆಸರು ಜಾಸ್ತಿ ಬರುತ್ತದೆ. ಮಾತ್ರೆ ಶುರು ಮಾಡಿ ಎಷ್ಟೋ ತಿಂಗಳಾದ ಮೇಲೂ ಗುಳ್ಳೆ ಏಳಬಹುದು. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಲಕ್ಷಾಂತರ ಜನ ಈ ಮಾತ್ರೆ ತಗೊಳ್ಳುತ್ತಾರೆ, ಗುಳ್ಳೆ ಬರುವುದು ತೀರಾ ಕೆಲವರಿಗೆ. ಇದನ್ನು ಓದಿ ಬೇರೆ ಯಾರೂ ಹೆದರಿ ಮಾತ್ರೆ ಬಿಡಬೇಡಿ. ಆದರೆ ಗುಳ್ಳೆ ಬಂದವರಲ್ಲಿ ಅದನ್ನು ಬದಲಿಸಬೇಕಾ ಅಂತ ಡಾಕ್ಟರು ನೋಡಲೇಬೇಕು. ಬದಲಿಸಿದ ಮೇಲೆ ಎಷ್ಟೋ ಮಂದಿಗೆ ಗುಳ್ಳೆ ಬೇಗ ಹತೋಟಿಗೆ ಬರುತ್ತದೆ.

ಹುಬ್ಬಳ್ಳಿಗೆ ಹೋಗುವಾಗ ಹಳೆಯ ಚೀಟಿ ತಗೊಂಡು ಹೋಗಿದ್ರಾ?

ತೋಟದಮನೆ, ಶಿರಸಿ (ರಾತ್ರಿ 11.20)

ಇಲ್ಲ. ಗುಳ್ಳೆ ನೋಡಿ ಗಾಬರಿಯಲ್ಲಿ ಹೊರಟೆವು. ‘ಶುಗರ್ ಮಾತ್ರೆ ತಗೋತಾರೆ’ ಅಂತ ಮಾತ್ರ ಹೇಳಿದೆವು. ಹೆಸರು ಹೇಳಲೇ ಇಲ್ಲ. ಈಗ ಕೈಕಾಲು ತಣ್ಣಗಾಯಿತು.

ಕಾಳಿ ದಂಡೆ, ಕಾರವಾರ (ಶುಕ್ರವಾರ, ಬೆಳಿಗ್ಗೆ 6.30)

ನಿಮ್ಮ ತಪ್ಪಲ್ಲ ಮಾರಾಯ್ರೆ, ಹತ್ತರಲ್ಲಿ ಎಂಟು ಮನೆಯಲ್ಲಿ ಹೀಗೇ ಆಗುತ್ತದೆ. ಇನ್ನು ಮೇಲೆ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಯನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಕಣ್ಣಿನ ಹನಿ, ಮುಲಾಮು, ಊರ ಪಂಡಿತರ ಪುಡಿ, ಎಲ್ಲವೂ.

ಮೇಷ್ಟ್ರು, ಹೊನ್ನಾವರ (ಬೆಳಿಗ್ಗೆ 7.15)

ಒಳ್ಳೆಯ ಚರ್ಚೆ. ಸ್ಟೀರಾಯ್ಡ್ ಸಿಹಿ ಅಲ್ಲ, ಸಕ್ಕರೆ ಅದರಲ್ಲಿಲ್ಲ. ಮತ್ತೆ ರಕ್ತದಲ್ಲಿ ಸಕ್ಕರೆ ಎಲ್ಲಿಂದ ಬರುತ್ತದೆ? ನನ್ನ ಹೆಂಡತಿಗೆ ಕೀಲುವಾತ, ಅವಳಿಗೂ ಸ್ಟೀರಾಯ್ಡ್ ಇದೆ. ಅವಳು ಕೇಳಿದಳು, ನನಗೆ ಉತ್ತರ ಕೊಡಲಾಗಲಿಲ್ಲ.

ಕಾಳಿ ದಂಡೆ, ಕಾರವಾರ (ಬೆಳಿಗ್ಗೆ 8.02)

ಮೇಷ್ಟ್ರೇ, ಮನೆಯ ಕಣಜವನ್ನು ನೆನೆಸಿಕೊಳ್ಳಿ. ನಮ್ಮ ಯಕೃತ್ತು ಅಂಥ ಒಂದು ಕಣಜ. ಉಪವಾಸ ಇದ್ದಾಗ ಅದು ಸಕ್ಕರೆ ಅಳೆದು ಅಳೆದು ರಕ್ತಕ್ಕೆ ಬಿಡುತ್ತದೆ. ಕಾರ್ಟಿಸಾಲ್ ಎನ್ನುವುದು ಕಷ್ಟಕಾಲದ ಹಾರ್ಮೋನು. ‘ಆಪತ್ತು ಬಂದಿದೆ, ಕಣಜ ತೆಗೆಯಿರಿ’ ಅಂತ ಅಪ್ಪಣೆ ಕೊಡುವುದು ಅದರ ಕೆಲಸ. ಸ್ಟೀರಾಯ್ಡ್ ಮಾತ್ರೆಯೂ ಅದೇ ಅಪ್ಪಣೆ, ಆದರೆ ಆರು ಪಟ್ಟು ದೊಡ್ಡ ದನಿಯಲ್ಲಿ. ಯಕೃತ್ತು ಇದ್ದದ್ದನ್ನು ಬಿಡುವುದಷ್ಟೇ ಅಲ್ಲ, ಮೈಯ ಪ್ರೋಟೀನನ್ನು ಒಡೆದು ಹೊಸ ಸಕ್ಕರೆ ಮಾಡಲಿಕ್ಕೂ ತೊಡಗುತ್ತದೆ. ದೊಡ್ಡ ಡೋಸ್ ತುಂಬ ದಿನ ತಗೊಂಡವರ ತೊಡೆ ಸೊರಗುವುದು ಅದಕ್ಕೇ.

ಇತ್ತ ಮಾಂಸಖಂಡ, ಕೊಬ್ಬು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಬಂದ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುವುದೂ ಸ್ವಲ್ಪ ಕುಂದುತ್ತದೆ. ಮೂರೂ ಸೇರಿದಾಗ, ಮಧ್ಯಾಹ್ನ ಉಂಡ ಅನ್ನ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ.

ಸಕ್ಕರೆ ಕಾಯಿಲೆಯೇ ಇಲ್ಲದವರಿಗೂ ಏರಬಹುದು. ಅಪ್ಪ ಅಮ್ಮನಿಗೆ ಶುಗರ್ ಇದ್ದವರು, ಹೊಟ್ಟೆ ಬಂದವರು, ವಯಸ್ಸಾದವರು, ಬಸುರಿನಲ್ಲಿ ಒಮ್ಮೆ ಶುಗರ್ ಬಂದಿದ್ದವರು ಹೆಚ್ಚು ಎಚ್ಚರ ಇರಬೇಕು. ಡೋಸ್ ದೊಡ್ಡದಾದಷ್ಟೂ, ದಿನ ಹೆಚ್ಚಾದಷ್ಟೂ ಅಪಾಯ ಜಾಸ್ತಿ. ನಿಮ್ಮ ಮನೆಯವರಿಗೆ ಒಮ್ಮೆ ಮಧ್ಯಾಹ್ನದ ಊಟದ ನಂತರ ನೋಡಿ.

ಎಚ್‌ಬಿಎ1ಸಿ ಮಾಡಿಸಿದ್ದೇವೆ, ಚೆನ್ನಾಗಿದೆ ಅನ್ನುವವರಿದ್ದಾರೆ. ಅದು ಎರಡು ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ರಕ್ತಪರೀಕ್ಷೆ. ಹತ್ತು ದಿನದ ಹಿಂದೆ ಶುರುವಾದ ಏರಿಕೆ ಅದರಲ್ಲಿ ಕಾಣುವುದಿಲ್ಲ.

ಮೇಷ್ಟ್ರು, ಹೊನ್ನಾವರ (ಬೆಳಿಗ್ಗೆ 8.20)

ಈಗ ಅರ್ಥ ಆಯಿತು. ಕಾರ್ಟಿಸೋನ್ ಎನ್ನುವ ಸ್ಟೀರಾಯ್ಡನ್ನು ಮೊದಲು ಕೀಲುವಾತಕ್ಕೆ ಕೊಟ್ಟಿದ್ದು 1948ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ. ಹಾಸಿಗೆ ಬಿಟ್ಟು ಏಳಲಾಗದಿದ್ದ ರೋಗಿ ಕೆಲವೇ ದಿನದಲ್ಲಿ ಎದ್ದು ಓಡಾಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ನನ್ನ ಹೆಂಡತಿ ಬೆಳಿಗ್ಗೆ ತೆಳ್ಳೇವಿನ ಹಿಟ್ಟು ಕಲಸಲು ಆಗುತ್ತಿರುವುದು ಆ ಮಾತ್ರೆಯಿಂದಲೇ. ಹಾಗಾಗಿ ಅದನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಭಟ್ಕಳ ಮಲ್ಲಿಗೆ (ಬೆಳಿಗ್ಗೆ 10.40)

ನನಗೆ ಏಳೂವರೆ ತಿಂಗಳಲ್ಲಿ ಹೆರಿಗೆ ಆಗುವ ಹಾಗಿತ್ತು. ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಡೆಕ್ಸಾಮೆಥಾಸೋನ್ ಎನ್ನುವ ಸ್ಟೀರಾಯ್ಡ್ 6 ಮಿ.ಗ್ರಾಂ. 12 ಗಂಟೆಗೊಮ್ಮೆ ನಾಲ್ಕು ಇಂಜೆಕ್ಷನ್ ಕೊಟ್ಟರು. ಬಸುರಿನ ಶುಗರ್ ನನಗೆ ಮೊದಲೇ ಇತ್ತು. ಇಂಜೆಕ್ಷನ್ ಬಿದ್ದ ಮೇಲೆ ಹಗಲು ರಾತ್ರಿ ಎರಡೂ ಹೊತ್ತು ಏರಿತು, ನಾಲ್ಕೈದು ದಿನ ಇನ್ಸುಲಿನ್ ಜಾಸ್ತಿ ಬೇಕಾಯಿತು. ಆಮೇಲೆ ಹಳೆಯ ಮಟ್ಟಕ್ಕೆ ಬಂತು. ಮಗಳು ಈಗ ಒಂದನೇ ಕ್ಲಾಸು. ಬಸುರಿಯರು ಶುಗರ್ ಭಯಕ್ಕೆ ಆ ಇಂಜೆಕ್ಷನ್ ಬೇಡ ಅನ್ನಬೇಡಿ.

ಔಷಧಿ ಅಂಗಡಿ, ಕುಮಟಾ (ಬೆಳಿಗ್ಗೆ 11.05)

ಮಲ್ಲಿಗೆ ಹೇಳಿದ್ದರಲ್ಲಿ ಒಂದು ಸೂಕ್ಷ್ಮ ಇದೆ. ಪ್ರೆಡ್ನಿಸೋಲೋನ್ ಹಗಲಿನದು. ಡೆಕ್ಸಾಮೆಥಾಸೋನ್ ಮೈಯಲ್ಲಿ ಒಂದೂವರೆ ದಿನಕ್ಕೂ ಮೀರಿ ನಿಲ್ಲುತ್ತದೆ, ಹಾಗಾಗಿ ಖಾಲಿ ಹೊಟ್ಟೆಯದೂ ಏರುತ್ತದೆ. ಶಕ್ತಿಯಲ್ಲೂ ಭಾರೀ ವ್ಯತ್ಯಾಸ. ಪ್ರೆಡ್ನಿಸೋಲೋನ್ 5 ಮಿ.ಗ್ರಾಂ. ಮಾಡುವ ಕೆಲಸಕ್ಕೆ ಡೆಕ್ಸಾ 0.75 ಸಾಕು. ‘ಅರ್ಧ ಮಿಲಿಗ್ರಾಂ ತಾನೇ, ಸಣ್ಣ ಮಾತ್ರೆ’ ಅಂತ ಅಂಗಡಿಗೆ ಬಂದು ಕೇಳುವವರಿಗೆ ನಾನು ಇದನ್ನೇ ಹೇಳುವುದು. ಚೀಟಿ ಇಲ್ಲದೆ ಕೊಡುವುದಿಲ್ಲ, ಬೈಸಿಕೊಂಡರೂ ಸರಿ.

ಮಂಡಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಕೆಲವು ದಿನ ಶುಗರ್ ಏರಿಸುತ್ತದೆ. ಒಂದು ವಾರ ನೋಡಿಕೊಳ್ಳಿ. ಆಸ್ತಮಾದ ಇನ್ಹೇಲರ್‌ನದು ತೀರಾ ಕಡಿಮೆ, ಅದನ್ನು ಈ ಕಾರಣಕ್ಕೆ ಬಿಡಬೇಡಿ, ಈ ಮಳೆ ಚಳಿಯಲ್ಲಂತೂ ಬೇಡವೇ ಬೇಡ. ಮುಲಾಮು ಸಣ್ಣ ಜಾಗಕ್ಕೆ ಹಚ್ಚಿದರೆ ಏನೂ ಇಲ್ಲ. ಆದರೆ ಕ್ಲೋಬೆಟಾಸೋಲ್‌ನಂಥ ಜೋರಿನದನ್ನು ಮೈಪೂರ್ತಿ ಹಚ್ಚಿದರೆ ಚರ್ಮದಿಂದ ಒಳಗೆ ಇಳಿಯುತ್ತದೆ. ಪೆಂಫಿಗಾಯ್ಡಿಗೆ ಅದನ್ನೂ ಬರೆಯುತ್ತಾರೆ, ಹಾಗಾಗಿ ಹೇಳಿದೆ.

ಕಡಲಮಗ, ಕಾರವಾರ (ಮಧ್ಯಾಹ್ನ 1.30)

ಬರೆಯಬೇಕಾ ಬೇಡವಾ ಅಂತ ಬೆಳಿಗ್ಗೆಯಿಂದ ಯೋಚಿಸಿದೆ. 2021ರ ಮೇ ತಿಂಗಳಲ್ಲಿ ನಮ್ಮ ಚಿಕ್ಕಪ್ಪನಿಗೆ ಕೋವಿಡ್ ಬಂತು. ಆಕ್ಸಿಜನ್ ಬೇಕಾಗಿರಲಿಲ್ಲ, 96 ಇತ್ತು. ಆದರೂ ಯಾರೋ ಫೋನಿನಲ್ಲಿ ಕಳಿಸಿದ ಚೀಟಿ ನೋಡಿ ಮನೆಯಲ್ಲೇ ಸ್ಟೀರಾಯ್ಡ್ ಕೊಟ್ಟೆವು. ಇಪ್ಪತ್ತು ದಿನ. ಅವರಿಗೆ ಶುಗರ್ ಇತ್ತು. ಒಂದು ದಿನವೂ ನೋಡಲಿಲ್ಲ. ಮೂಗಿನ ಒಂದು ಬದಿ ಕಟ್ಟಿತು, ಕೆನ್ನೆ ಮರಗಟ್ಟಿತು, ಆಮೇಲೆ ಕಣ್ಣು ಊದಿತು. ಕಪ್ಪು ಶಿಲೀಂಧ್ರ. ಜೀವ ಉಳಿಸಲು ಎಡಗಣ್ಣು ತೆಗೆದರು. ಆಗ ಶುಗರ್ 480.

ಆಮೇಲೆ ತಿಳಿದುಕೊಂಡೆ. 2020ರ ಜೂನಿನಲ್ಲಿ ಕೋವಿಡ್ ಔಷಧಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ‘ರಿಕವರಿ’ ಎನ್ನುವ ಪರೀಕ್ಷೆಯ ಫಲ ಬಂದಿತ್ತು. ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿ.ಗ್ರಾಂ., ಹತ್ತು ದಿನದ ತನಕ. ಆಕ್ಸಿಜನ್ ಅಥವಾ ವೆಂಟಿಲೇಟರ್ ಬೇಕಾದವರ ಜೀವ ಉಳಿಸಿತು. ಆಕ್ಸಿಜನ್ ಬೇಡದವರಿಗೆ ಲಾಭ ಕಾಣಲಿಲ್ಲ. ಅದು ಎಲ್ಲರಿಗೂ ಅಲ್ಲ ಅಂತ ಆಗಲೇ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ. ಸುಮಾರು 600 ರೂಪಾಯಿಯ ಮೀಟರ್ ಅವತ್ತು ಮನೆಯಲ್ಲಿದ್ದಿದ್ದರೆ ಅಂತ ಈಗಲೂ ಅನಿಸುತ್ತದೆ. ಚಿಕ್ಕಪ್ಪ ಮೊದಲು ರಾತ್ರಿಯಿಡೀ ಕೂತು ಯಕ್ಷಗಾನ ನೋಡುತ್ತಿದ್ದರು. ಈಗ ಹೋಗುವುದಿಲ್ಲ. ದೀಪದ ಬೆಳಕಿಗೆ ಇದ್ದೊಂದು ಕಣ್ಣು ನೋಯುತ್ತದೆ ಅನ್ನುತ್ತಾರೆ.

ಕಾಳಿ ದಂಡೆ, ಕಾರವಾರ (ಮಧ್ಯಾಹ್ನ 1.52)

ತಮ್ಮಾ, ಬರೆದದ್ದು ಒಳ್ಳೆಯದಾಯಿತು.

ಸಿದ್ದಾಪುರದ ಸೊಸೆ (ಮಧ್ಯಾಹ್ನ 3.10)

ನಮ್ಮ ಅತ್ತೆಯದು ಬೇರೆಯೇ ಕತೆ. ಅವರು ಸ್ಟೀರಾಯ್ಡ್ ತಗೊಳ್ಳುತ್ತಿರುವುದೇ ನಮಗೆ ಗೊತ್ತಿರಲಿಲ್ಲ. ಮಂಡಿನೋವಿಗೆ ಅಂತ ಜಾತ್ರೆಯಲ್ಲಿ ಒಬ್ಬರ ಹತ್ತಿರ ಪುಡಿ ತಂದಿದ್ದರು. ಕಾಗದದ ಪೊಟ್ಟಣ, ಹೆಸರಿಲ್ಲ. ‘ಅಪ್ಪಟ ಬೇರು’ ಅಂದಿದ್ದರಂತೆ. ಮೂರೇ ದಿನದಲ್ಲಿ ನೋವು ಮಾಯ. ಎಂಟು ತಿಂಗಳು ತಿಂದರು. ಮುಖ ತುಂಬಿಕೊಂಡು ಚಂದ್ರನ ಹಾಗಾಯಿತು. ‘ಅತ್ತೆ ಮೈಕೈ ತುಂಬಿಕೊಂಡರು’ ಅಂತ ನೆಂಟರೆಲ್ಲ ಹೇಳಿದರು. ಬಳೆ ತಾಗಿದರೂ ಕೈ ನೀಲಿಗಟ್ಟುತ್ತಿತ್ತು. ಶುಗರ್ ಹೊಸದಾಗಿ ಬಂತು. ಪುಡಿ ಮುಗಿಯಿತು, ಆ ಮನುಷ್ಯ ಸಿಗಲಿಲ್ಲ. ಐದನೇ ದಿನ ಅತ್ತೆ ಬಚ್ಚಲಲ್ಲಿ ಬಿದ್ದರು. ವಾಂತಿ, ಬಿಪಿ 80. ಆಸ್ಪತ್ರೆಯಲ್ಲಿ ಡಾಕ್ಟರು ಮುಖ ನೋಡಿದ ಕೂಡಲೇ ‘ಏನಾದರೂ ಪುಡಿ ತಿಂತಿದ್ರಾ’ ಅಂತ ಕೇಳಿದರು. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟ ಮೇಲೆ ಎದ್ದು ಕೂತರು.

ಹೆಸರಿಲ್ಲದ ಪುಡಿ ಮೂರು ದಿನದಲ್ಲಿ ನೋವು ಇಳಿಸಿದರೆ ಖುಷಿ ಪಡಬೇಡಿ, ಅನುಮಾನ ಪಡಿ.

ತೋಟದಮನೆ, ಶಿರಸಿ (ಶನಿವಾರ, ರಾತ್ರಿ 8.45)

ಎಲ್ಲರೂ ಬರೆದದ್ದು ಓದಿದೆ. ಕಡಲಮಗ ಅವರದನ್ನು ಓದಿ ಆಯಿ ಕಣ್ಣು ಒರೆಸಿಕೊಂಡಳು.

ಚರ್ಮದ ಡಾಕ್ಟರಿಗೆ ನಿನ್ನೆಯೇ ಫೋನ್ ಮಾಡಿದೆ. ವಿಲ್ಡಾಗ್ಲಿಪ್ಟಿನ್ ಹೆಸರು ಕೇಳಿದ ಕೂಡಲೇ ಅದನ್ನು ಬಿಡಿಸಿದರು. ಮೆಟ್‌ಫಾರ್ಮಿನ್ ಇರಲಿ ಅಂದರು. ಶಿರಸಿಯಲ್ಲೇ ಸಕ್ಕರೆ ಕಾಯಿಲೆಯ ಡಾಕ್ಟರನ್ನು ಇವತ್ತು ಕಂಡೆವು. ಕ್ಯಾಲೆಂಡರ್ ಹಾಳೆ ಹರಿದುಕೊಂಡೇ ಹೋಗಿದ್ದೆ. ಶುಕ್ರವಾರ: 118, 204, 361, 322. ಡಾಕ್ಟರು ಆ ನಾಲ್ಕು ಅಂಕಿಯ ಮೇಲೆ ಪೆನ್ನಿನಿಂದ ಒಂದು ಗುಡ್ಡ ಬರೆದು ತೋರಿಸಿದರು. ‘ನಿಮ್ಮ ಅಪ್ಪನ ಶುಗರ್ ಈ ಗುಡ್ಡ ಹತ್ತಿ ಇಳಿಯುತ್ತದೆ. ಔಷಧಿಯೂ ಇದೇ ಹೊತ್ತಿಗೆ ಹತ್ತಿ ಇಳಿಯಬೇಕು’ ಅಂದರು. ಬೆಳಿಗ್ಗೆ ಪ್ರೆಡ್ನಿಸೋಲೋನ್ ಜೊತೆಗೇ ಎನ್‌ಪಿಎಚ್ ಇನ್ಸುಲಿನ್, 10 ಯೂನಿಟ್‌ನಿಂದ ಶುರು. ರಾತ್ರಿ ಇನ್ಸುಲಿನ್ ಬೇಡವೇ ಬೇಡ ಅಂದರು. ರಾತ್ರಿ ಕೊಟ್ಟರೆ ಬೆಳಗಿನ ಜಾವ ಶುಗರ್ ತೀರಾ ಇಳಿದು ಲೋ ಆಗುತ್ತದಂತೆ.

ನಾಳೆ ಮೊದಲ ಸಲ ನಾನೇ ಚುಚ್ಚಬೇಕು. ಸೀಸೆ ತಂದಿದ್ದೇನೆ. ಕೈ ನಡುಗುತ್ತಿದೆ.

ಔಷಧಿ ಅಂಗಡಿ, ಕುಮಟಾ (ರಾತ್ರಿ 9.00)

ಚುಚ್ಚುವ ಮೊದಲು ಸೀಸೆ ಮತ್ತು ಸಿರಿಂಜ್ ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ನಮ್ಮಲ್ಲಿ ಎರಡು ಬಗೆ ಇದೆ. ಒಂದು ಮಿ.ಲೀ.ಗೆ 40 ಯೂನಿಟ್ ಇರುವ ಸೀಸೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಇನ್ನೊಂದು 100 ಯೂನಿಟ್ಟಿನದು, ಅದಕ್ಕೆ ಕಿತ್ತಳೆ ಮುಚ್ಚಳ. ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚು ಕಡಿಮೆ ಆಗುತ್ತದೆ. ಸೀಸೆಯ ಮೇಲೆ 40 ಅಂತ ಇದ್ದರೆ ಸಿರಿಂಜಿನ ಮೇಲೂ 40 ಇರಲೇಬೇಕು.

ಕಾಳಿ ದಂಡೆ, ಕಾರವಾರ (ರಾತ್ರಿ 9.12)

ಎನ್‌ಪಿಎಚ್ ಕದಡಿದ ಹಾಲಿನ ಹಾಗಿರುತ್ತದೆ. ನಿಲ್ಲಿಸಿಟ್ಟರೆ ಬಿಳಿ ಕೆಳಗೆ ಕೂರುತ್ತದೆ. ಕುಲುಕಬೇಡಿ. ಎರಡು ಅಂಗೈ ನಡುವೆ ಇಟ್ಟು ಬತ್ತಿ ಹೊಸೆಯುವ ಹಾಗೆ ಮೆಲ್ಲಗೆ ಹೊರಳಿಸಿ, ಪೂರ್ತಿ ಒಂದೇ ಬಣ್ಣ ಆಗುವ ತನಕ. ಹೊಟ್ಟೆಯ ಮೇಲೆ, ಹೊಕ್ಕುಳಿಂದ ಎರಡು ಬೆರಳು ದೂರ, ಗುಳ್ಳೆ ಇಲ್ಲದ ಒಳ್ಳೆಯ ಚರ್ಮ ನೋಡಿ. ಚುಚ್ಚಿ, ಹತ್ತು ಎಣಿಸಿ, ಸೂಜಿ ತೆಗೆಯಿರಿ. ಅಷ್ಟೇ. ನಿಮ್ಮ ಕೈ ನಡುಗಿದರೂ ಅಪ್ಪಯ್ಯನಿಗೆ ನೋಯುವುದಿಲ್ಲ, ಆ ಸೂಜಿ ಅಷ್ಟು ಸಣ್ಣ.

ಶಿರಸಿ ಕಡೆ ಮಳೆಗೆ ಕರೆಂಟು ದಿನಗಟ್ಟಲೆ ಹೋಗುತ್ತದೆ ಅಲ್ವಾ? ಫ್ರಿಜ್ ಚಿಂತೆ ಬೇಡ. ಬಳಸುತ್ತಿರುವ ಸೀಸೆ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತದೆ. ನೀರಿನ ಮಣ್ಣಿನ ಮಡಕೆಯ ಪಕ್ಕ ಇಡಿ, ಒಲೆಯ ಹತ್ತಿರ ಬೇಡ. ಮೀಟರಿಗೆ ಹಾಕುವ ಸ್ಟ್ರಿಪ್ ಡಬ್ಬಿಯ ಮುಚ್ಚಳ ಮಾತ್ರ ತೆಗೆದ ಕೂಡಲೇ ಹಾಕಿ. ನಮ್ಮ ಈ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಟ್ಟು ಸುಳ್ಳು ಅಂಕಿ ತೋರಿಸುತ್ತದೆ.

ತೋಟದಮನೆ, ಶಿರಸಿ (ಮುಂದಿನ ಬುಧವಾರ, ಸಂಜೆ 6.15)

ಇನ್ಸುಲಿನ್ 16 ಯೂನಿಟ್ ಆಗಿದೆ. ನಿನ್ನೆ ಸಂಜೆ 188. ಬಹಳ ಸಮಾಧಾನ ಆಗಿತ್ತು. ಇವತ್ತು ಅದೇ ಹೊತ್ತಿಗೆ 391! ಅಪ್ಪಯ್ಯ ಆರಾಮ ಇದ್ದಾರೆ, ಬಾಯಾರಿಕೆ ಇಲ್ಲ. ಏನಾಯಿತು?

ಅಂಕೋಲೆಯ ಕರಿ ಈಶಾಡು (ಸಂಜೆ 6.20)

ಬೆರಳು ತೊಳೆದಿದ್ರಾ? ಹಣ್ಣು ಬಿಡಿಸಿದ್ರಾ? ನನಗೆ ಮಾವಿನಹಣ್ಣು ಸುಲಿದ ಕೈಯಲ್ಲಿ ಹೀಗೇ ಆಗಿತ್ತು. ಬೆರಳಿಗೆ ಅಂಟಿದ ಹಣ್ಣಿನ ಸಕ್ಕರೆಯನ್ನೂ ಮೀಟರ್ ಲೆಕ್ಕಕ್ಕೆ ಹಿಡಿಯುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲದು. ಸೋಪು ನೀರಲ್ಲಿ ತೊಳೆದು, ಒಣಗಿಸಿ, ಬೇರೆ ಬೆರಳಲ್ಲಿ ನೋಡಿ.

ತೋಟದಮನೆ, ಶಿರಸಿ (ಸಂಜೆ 6.41)

176! ಆಯಿ ಹಪ್ಪಳಕ್ಕೆ ಹಲಸಿನಕಾಯಿ ತೊಳೆ ಬಿಡಿಸುತ್ತಿದ್ದಳು, ಅದರಲ್ಲಿ ಒಂದು ಬಲಿತು ಹಣ್ಣಾಗಿತ್ತು. ಅಪ್ಪಯ್ಯ ಪಕ್ಕದಲ್ಲಿ ಕೂತು ಅದನ್ನು ಬಿಡಿಸಿ ಮೊಮ್ಮಗನಿಗೆ ಕೊಡುತ್ತಿದ್ದರು. ತಾವು ತಿಂದಿರಲಿಲ್ಲ. ನಾನು ಅವರನ್ನು ಸುಮ್ನೆ ಗದರಿಸಿದೆ. ಹೋಗಿ ಕ್ಷಮೆ ಕೇಳಿ ಬಂದೆ. 391 ನಂಬಿ ಡೋಸ್ ಏರಿಸಿದ್ದರೆ ಏನಾಗುತ್ತಿತ್ತು ಅಂತ ಈಗ ಭಯವಾಗುತ್ತಿದೆ.

ಊಟದ ಬಗ್ಗೆ ಕೇಳುವುದಿತ್ತು. ಸ್ಟೀರಾಯ್ಡ್ ಶುರುವಾದ ಮೇಲೆ ಅವರಿಗೆ ತಡೆಯಲಾರದ ಹಸಿವು. ರಾತ್ರಿ ಹನ್ನೊಂದಕ್ಕೆ ಎದ್ದು ಅಡುಗೆಮನೆಯಲ್ಲಿ ಜೋನಿ ಬೆಲ್ಲದ ಡಬ್ಬ ಹುಡುಕುತ್ತಾರೆ.

ಕಾಳಿ ದಂಡೆ, ಕಾರವಾರ (ಸಂಜೆ 7.05)

ಆ ಹಸಿವು ಮಾತ್ರೆಯದು, ಅವರದಲ್ಲ. ಬೈಯಬೇಡಿ. ಬೆಲ್ಲದ ಡಬ್ಬ ಅಟ್ಟಕ್ಕೆ ಹೋಗಲಿ. ಆ ಜಾಗದಲ್ಲಿ ಮಜ್ಜಿಗೆ, ಸೌತೆಕಾಯಿ, ಹುರಿದ ಕಡಲೆ ಇಡಿ. ಮಧ್ಯಾಹ್ನದ ಊಟವೇ ಈಗ ಮುಖ್ಯ, ಗುಡ್ಡ ಹತ್ತುವ ಹೊತ್ತು ಅದು. ಅನ್ನ ಅರ್ಧ ಮಾಡಿ, ಪಲ್ಯ, ಒಂದೆಲಗದ ತಂಬುಳಿ, ಬೇಳೆ ಜಾಸ್ತಿ ಮಾಡಿ. ಅಪ್ಪೆಹುಳಿಗೆ ಬೆಲ್ಲ ಹಾಕುವವರಿದ್ದಾರೆ, ಬೇಡ. ನಮ್ಮ ಕಡೆಯವರಿಗಾದರೆ ಮೀನು ಇರಲಿ, ಗಂಜಿ ಕಡಿಮೆ ಇರಲಿ ಅಂತ ಹೇಳುತ್ತೇನೆ. ಊಟವಾದ ಮೇಲೆ ಮಲಗುವ ಬದಲು ಜಗಲಿಯಲ್ಲೇ ಹತ್ತು ನಿಮಿಷ ಓಡಾಡಲಿ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಚರ್ಮದ ಡಾಕ್ಟರು ಪ್ರೆಡ್ನಿಸೋಲೋನ್ ಇಳಿಸಿದ ದಿನವೇ ಶುಗರ್ ಡಾಕ್ಟರಿಗೂ ತಿಳಿಸಿ. ಸ್ಟೀರಾಯ್ಡ್ ಇಳಿದು ಇನ್ಸುಲಿನ್ ಅಷ್ಟೇ ಉಳಿದರೆ ಲೋ ಆಗುತ್ತದೆ.

ತೋಟದಮನೆ, ಶಿರಸಿ (ಐದು ವಾರದ ನಂತರ, ರಾತ್ರಿ 8.30)

ಅಕ್ಕಾ, ನೀವು ಹೇಳಿದ್ದೇ ಆಯಿತು.

ಗುಳ್ಳೆ ಪೂರ್ತಿ ಒಣಗಿದೆ. ಪ್ರೆಡ್ನಿಸೋಲೋನ್ 30ರಿಂದ 20ಕ್ಕೆ ಇಳಿದಾಗ ಇನ್ಸುಲಿನ್ ಕೂಡ 16ರಿಂದ 10 ಮಾಡಿದ್ದರು. ಹೋದ ಸೋಮವಾರ 15ಕ್ಕೆ ಇಳಿಯಿತು. ಆ ವಾರ ಮನೆಯಲ್ಲಿ ಶ್ರಾದ್ಧ ಇತ್ತು. ಗಡಿಬಿಡಿಯಲ್ಲಿ ಶುಗರ್ ಡಾಕ್ಟರಿಗೆ ಫೋನ್ ಮಾಡುವುದು ಬಿಟ್ಟುಹೋಯಿತು. ಗುರುವಾರ ಮಧ್ಯಾಹ್ನ ಊಟವೂ ತಡ. ಮೂರು ಗಂಟೆಗೆ ಅಪ್ಪಯ್ಯ ಹಿತ್ತಲ ಕಡೆ ಕಂಬ ಹಿಡಿದು ನಿಂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು, ಕೈ ನಡುಗುತ್ತಿತ್ತು. ‘ತಮಾ, ಕಣ್ಣು ಕತ್ಲೆ ಬತ್ತು’ ಅಂದರು. ನೋಡಿದರೆ 58.

ಮೂರು ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿದೆ. ಹದಿನೈದು ನಿಮಿಷ ಗಡಿಯಾರ ನೋಡುತ್ತಾ ಕೂತೆ. 84. ಆಮೇಲೆ ಊಟ ಬಡಿಸಿದೆವು. ಎರಡು ತಿಂಗಳಿಂದ ಸಕ್ಕರೆ ಅಂದರೆ ವಿಷ ಅಂತ ಬಚ್ಚಿಟ್ಟವಳು ಆಯಿ. ಆವತ್ತು ಸಕ್ಕರೆ ಡಬ್ಬ ಹಿಡಿದು ಓಡಿ ಬಂದವಳೂ ಅವಳೇ.

ಡಾಕ್ಟರು ಇನ್ಸುಲಿನ್ 6 ಮಾಡಿದರು. ಈಗ ಕ್ಯಾಲೆಂಡರಿನಲ್ಲಿ ಎರಡು ಸಾಲು ಬರೆಯುತ್ತೇನೆ, ಮೇಲೆ ಸ್ಟೀರಾಯ್ಡ್, ಕೆಳಗೆ ಇನ್ಸುಲಿನ್. ಒಂದು ಬದಲಾದರೆ ಇನ್ನೊಂದಕ್ಕೆ ಕೆಂಪು ಗುರುತು.

ಕಾಳಿ ದಂಡೆ, ಕಾರವಾರ (ರಾತ್ರಿ 8.50)

58ರಲ್ಲಿ ನೀವು ಮಾಡಿದ್ದೆಲ್ಲ ಸರಿ. 70ಕ್ಕಿಂತ ಕೆಳಗೆ ಯಾವಾಗ ಬಂದರೂ ಹೀಗೇ ಮಾಡಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ. ಅಪ್ಪಯ್ಯನ ಅಂಗಿ ಜೇಬಿನಲ್ಲಿ ಎರಡು ಪೊಟ್ಟಣ ಸಕ್ಕರೆ ಇರಲಿ. ಜೊತೆಗೆ ‘ಸ್ಟೀರಾಯ್ಡ್ ತಗೊಳ್ಳುತ್ತಿದ್ದೇನೆ, ಒಮ್ಮೆಲೇ ನಿಲ್ಲಿಸಬಾರದು’ ಅಂತ ಡೋಸ್ ಸಮೇತ ಬರೆದ ಚೀಟಿ.

ಮೇಷ್ಟ್ರು, ಹೊನ್ನಾವರ (ರಾತ್ರಿ 9.15)

ಹೆಂಡತಿಗೆ ಮಧ್ಯಾಹ್ನ ನೋಡಿದೆವು. ಊಟದ ನಂತರ 231. ಬೆಳಿಗ್ಗೆಯದು 98 ಅಂತ ಎರಡು ವರ್ಷದಿಂದ ನಿಶ್ಚಿಂತೆಯಲ್ಲಿದ್ದೆವು. ನಾಳೆ ಡಾಕ್ಟರ ಹತ್ತಿರ ಹೋಗುತ್ತೇವೆ.

ತೋಟದಮನೆ, ಶಿರಸಿ (ಮೂರು ತಿಂಗಳ ನಂತರ, ಮಧ್ಯಾಹ್ನ 4.05)

ಕೇಳಿದವರಿಗೆಲ್ಲ ಇಲ್ಲಿಯೇ ಬರೆಯುತ್ತಿದ್ದೇನೆ. ಪ್ರೆಡ್ನಿಸೋಲೋನ್ 5 ಮಿ.ಗ್ರಾಂ.ಗೆ ಬಂದಿದೆ. ಇನ್ಸುಲಿನ್ ನಿಂತು ಮೂರು ವಾರ ಆಯಿತು, ಮೆಟ್‌ಫಾರ್ಮಿನ್ ಒಂದೇ. ಈ 5ರಿಂದ ಕೆಳಗೆ ಇನ್ನೂ ನಿಧಾನ, ತಿಂಗಳಿಗೆ 1 ಮಿ.ಗ್ರಾಂ. ಅಂತ ಹೇಳಿದ್ದಾರೆ, ಮಲಗಿದ ಗ್ರಂಥಿ ಏಳಬೇಕಲ್ಲ. ಎಚ್‌ಬಿಎ1ಸಿ ಮುಂದಿನ ತಿಂಗಳು. ಅಡಿಕೆ ಕೊಯ್ಲು ಶುರುವಾಗಿದೆ. ಅಪ್ಪಯ್ಯ ಅಂಗಳದಲ್ಲಿ ಕೂತು ಸುಲಿಯುತ್ತಿದ್ದಾರೆ. ಈಗಷ್ಟೇ ಕೈ ತೊಳೆಸಿ ನೋಡಿದೆ, 142.